ನಲವತ್ತೈದು ಮಿಲಿಮೀಟರು

ಹಳಿ ಒಂದೇ.
ಅಷ್ಟಕ್ಕೇ ಮಾತು ಮುಗಿಯಬೇಕಿತ್ತು.

ಗೆರ್ನ್‌ರೋಡೆಯ ಈ ಹಿತ್ತಿಲಲ್ಲಿ
ಕೋಸಿನ ಪಾತಿ ಬಳಸಿ, ಸೇಬಿನ ಬುಡ ಸುತ್ತಿ
ಫೋಲ್ಕ್‌ಮಾರ್ ಹಾಸಿದ ಹಿತ್ತಾಳೆಯ ಹಳಿ.
ಕಂಬಿಯಿಂದ ಕಂಬಿಗೆ ನಲವತ್ತೈದು ಮಿಲಿಮೀಟರು,
ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವನ ಗಾಡಿಗಳು ಮೂವತ್ತೆರಡರಲ್ಲೊಂದು ಪಾಲು.
ನನ್ನವು, ಎಗೋನ್ ಮಾವ ಕೊಟ್ಟವು,
ಇಪ್ಪತ್ತೆರಡೂವರೆಯಲ್ಲೊಂದು.
ಆ ಅರೆ ಎಲ್ಲಿಂದ ಬಂತು ಕೇಳಬೇಡಿ.
ಮಾವನನ್ನು ಕೇಳಿದ್ದೆ ಒಮ್ಮೆ,
"ಅರ್ಧ ಅಂದ್ರೆ ಅರ್ಧ" ಅಂದಿದ್ದ.

ನಿಜದಲ್ಲಿ ನಮ್ಮ ಬೆಟ್ಟದ ರೈಲು
ಬಯಲಿನ ದೊಡ್ಡ ಗಾಡಿಯ ಹೆಗಲಿಗೂ ಬಾರದು.
ಕ್ವೇಡ್ಲಿನ್‌ಬುರ್ಗಿನ ಸ್ಟೇಷನ್ನಲ್ಲಿ ಎರಡೂ ಅಕ್ಕಪಕ್ಕ ನಿಂತರೆ
ಹಸುವಿನ ಮಗ್ಗುಲಲ್ಲಿ ಕರು.
ಇಲ್ಲಿ ಎಲ್ಲ ತಲೆಕೆಳಗು,
ಕರುವೇ ಗೇಣೆತ್ತರ ಎದ್ದು ಹಸುವನ್ನು ಮರೆಮಾಡಿದೆ.

ಒಂದಕ್ಕೊಂದು ಕಟ್ಟಿ ಓಡಿಸಿದ ಮೊದಲ ಭಾನುವಾರ
ಕ್ಯಾಲಿಪರು ಹಿಡಿದು ಮಂಡಿಯೂರಿದ ಫೋಲ್ಕ್‌ಮಾರ್.
"ನಿನ್ನ ಬಾಗಿಲ ಚಿಲಕ
ನನ್ನ ಗಾರ್ಡಿಗೆ ಎಟುಕದು."
"ನಿನ್ನ ಬೋಗಿಯಲ್ಲಿ
ನನ್ನ ಟೋಪಿಯ ಹೆಂಗಸು ಕೂತರೂ ತಲೆ ತಗ್ಗಿಸಬೇಕು."
ಮದುವೆಯಾಗಿ ಐದು ವಾರ.
ನಗುವುದೋ ಬೇಡವೋ ಇಬ್ಬರಿಗೂ ತಿಳಿಯಲಿಲ್ಲ.

ಹಾಲೆಯಲ್ಲಿ ಟ್ರಾಮು ಓಡಿಸುವವಳು ನಾನು.
ಗಾಡಿಯ ಅಳತೆ ಗಾಡಿ ಹೇಳುವುದಿಲ್ಲ,
ಹತ್ತುವ ಕಾಲು ಹೇಳುತ್ತದೆ, ಜೋತುಬಿದ್ದ ಕೈ ಹೇಳುತ್ತದೆ.
ಅದಕ್ಕೇ ಜನರನ್ನೆಲ್ಲ ಇಳಿಸಿಬಿಟ್ಟೆ.
ಗಾರ್ಡು, ಹೆಂಗಸು, ಪೇಪರು ಓದುವ ಪಾದ್ರಿ,
ಹಾಲಿನ ಕ್ಯಾನು ಹೊತ್ತ ಹುಡುಗ
ಬಿಸ್ಕತ್ತಿನ ಡಬ್ಬಿಯಲ್ಲಿ ಒಬ್ಬರ ಮೇಲೊಬ್ಬರು.
ಆಮೇಲೆ ಸುಮಾರಾಗಿ ಹೊಂದಿತು.
ಸುಮಾರಾಗಿ. ಲಾಂದ್ರ, ಏಣಿ, ಮೆಟ್ಟಿಲು
ಆಗಾಗ ಬಾಯಿಬಿಡುತ್ತಲೇ ಇದ್ದವು.

ಶನಿವಾರ ರೋನ್ಯಾ ಬಂದಳು.
ಅವನ ಮಗಳು, ಒಂಬತ್ತು ತುಂಬಿದವಳು,
ನನ್ನನ್ನಿನ್ನೂ "ನೀವು" ಅನ್ನುವವಳು.
ಡಬ್ಬಿಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದಳು.
"ಇವರೇನು ತಪ್ಪು ಮಾಡಿದರು?"

ಫೋಲ್ಕ್‌ಮಾರ್ ಕ್ಯಾಲಿಪರು ಒರೆಸತೊಡಗಿದ.
ನನಗೆ ಕೋಸಿನ ಎಲೆಯಲ್ಲಿ ಹುಳ ಕಂಡಿತು.

ಅವಳು ಅವನ ರೈಲಿಗೂ ನನ್ನ ರೈಲಿಗೂ ನಡುವೆ
ಒಂದು ಚಪ್ಪಟೆ ಗಾಡಿ ತಂದಿಟ್ಟಳು,
ಬಾಗಿಲಿಲ್ಲದ್ದು, ಕಿಟಕಿಯಿಲ್ಲದ್ದು,
ಯಾವ ಭಾಗಾಕಾರಕ್ಕೂ ಸಿಗದ್ದು.
ಮೇಲೊಂದು ಹಿಡಿ ಪಾಚಿ.
ಕೊಂಡಿ ಕೂಡಲಿಲ್ಲ: ಅವನದು ಕೊಕ್ಕೆ, ನನ್ನದು ಬಳೆ.
ತಲೆಯಿಂದ ಒಂದು ಪಿನ್ನು ಕಿತ್ತು
ಹಲ್ಲಲ್ಲಿ ಬಗ್ಗಿಸಿ ಸಿಕ್ಕಿಸಿದಳು.

ಆಮೇಲೆ ಜನ.
ದೊಡ್ಡವರನ್ನೆಲ್ಲ ಇಲ್ಲಿ, ನಮ್ಮ ಬೆಂಚಿನ ಬದಿ ನಿಲ್ಲಿಸಿದಳು.
ಚಿಕ್ಕವರನ್ನು ಅಂಗೈಯಲ್ಲಿ ಹೊತ್ತು
ಸೇಬಿನ ಮರದಾಚೆ, ಹಿತ್ತಿಲ ಆ ತುದಿಗೆ ಹೋದಳು.
ಅಲ್ಲಿಂದಲೇ ಕೂಗಿದಳು:
"ಇವರು ಚಿಕ್ಕವರಲ್ಲ!
ದೂರ ಇದ್ದಾರೆ ಅಷ್ಟೇ!"

ಕಣ್ಣು ಕಿರಿದು ಮಾಡಿ ನೋಡಿದೆ. ಹೌದು.
ಗಾರ್ಡು ತನ್ನ ಪ್ಲಾಟ್‌ಫಾರ್ಮಿನಲ್ಲಿ
ಪೂರಾ ಆಳೆತ್ತರದ ಗಂಡಸು.
ಅವನ ಬಳಿ ಕುಕ್ಕರಗಾಲಲ್ಲಿ ಕೂತ ರೋನ್ಯಾ ಮಾತ್ರ
ಯಾವ ಅಳತೆಯಲ್ಲೂ ಇಲ್ಲದಷ್ಟು ದೊಡ್ಡವಳು.

"ಹತ್ತಿರ ಬಂದರೆ ಬೆಳೀತಾರಾ?" ಕೂಗಿ ಕೇಳಿದೆ.
ತುಸು ತಡವಾಗಿ ಉತ್ತರ ಬಂತು.
"ಬರಲಿ, ನೋಡೋಣ."

ಫೋಲ್ಕ್‌ಮಾರ್ ಗುಂಡಿ ಒತ್ತಿದ.
ಪಿನ್ನು ಕಿರ್ರೆಂದಿತು, ಹಿಡಿದುಕೊಂಡಿತು.
ಪಾಚಿಯ ಮೇಲೆ ಒಂದು ಕರಿಹಕ್ಕಿ ಬಂದು ಕೂತು,
ಒಂದರಲ್ಲೊಂದು ಪಾಲಿನ ಹಕ್ಕಿ,
ಎರಡು ಮಾರು ದೂರ ಪುಕ್ಕಟೆ ಪ್ರಯಾಣ ಮಾಡಿ
ಹಿಕ್ಕೆ ಹಾಕಿ ಹಾರಿತು.